ನೋಡಲು ಕೊಟ್ಟ ದುಡ್ಡು

ನಾವು ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದಾಗ ಭೂಗೋಳಕ್ಕೆ ‘ಜುಗ್ರಾಫಿಯಾ’ ಎನ್ನುತ್ತಿದ್ದರು. ಗ್ರೀಕರಿಂದ ಅರಬರಿಗೆ, ಅರಬರಿಂದ ಉರ್ದುವಿಗೆ ನಡೆದು ಬಂದ ಪದ ಅದು. ಮುಂದೆ ಕನ್ನಡ ಶಾಲೆಗೆ ಸೇರಿದಾಗ ಪದ ಬದಲಾಯಿತೇ ಹೊರತು ಗೋಡೆಯ ಮೇಲಿನ ನಕಾಶೆ ಬದಲಾಗಲಿಲ್ಲ. ಮಾಸ್ಟರ್ ಸಾಹೇಬರ ಬೆತ್ತದ ತುದಿ ನೈಲ್ ನದಿಯ ಮೇಲೆ ಮೇಲಿಂದ ಕೆಳಕ್ಕೆ ಸರಿಯುತ್ತಿತ್ತು. ನಾವೆಲ್ಲ ಒಕ್ಕೊರಲಿನಿಂದ ಅದರ ಉದ್ದವನ್ನು ಒಪ್ಪಿಸುತ್ತಿದ್ದೆವು. ನಮ್ಮ ತರಗತಿಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಒಮ್ಮೆ ಶಾಲೆಯಿಂದ ಕಡಲ ತೀರಕ್ಕೆ ಪ್ರವಾಸ ಗೊತ್ತಾಯಿತು. ಬಸ್ಸಿನ ಖರ್ಚಿಗೆ ತಲಾ ಇಷ್ಟು ಹಣ ತರಬೇಕೆಂದರು. ಅರ್ಧ ತರಗತಿ ಹೋಯಿತು, ಅರ್ಧ ಊರಲ್ಲೇ ಉಳಿಯಿತು. ಉಳಿದವರಲ್ಲಿ ನಾವೂ ಒಬ್ಬರು. ಪರೀಕ್ಷೆಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆ: ಉಬ್ಬರ ಇಳಿತ ಎಂದರೇನು?

ಭೂಗೋಳ ಕಾಲಿನಿಂದ ಕಲಿಯುವ ವಿದ್ಯೆ. ನದಿಯನ್ನು ದಡದಲ್ಲಿ ನಿಂತು, ಊರನ್ನು ಅದರ ಸಂತೆಯಲ್ಲಿ ಅಲೆದು ತಿಳಿಯಬೇಕು. ಪರದೇಶವನ್ನಂತೂ ಅಲ್ಲಿನವರ ಮನೆಯ ಚಾಪೆಯ ಮೇಲೆ ಕೂತೇ ತಿಳಿಯಬೇಕು. ಆದರೆ ಕಾಲಿಗೆ ಖರ್ಚಿದೆ. ಆ ಖರ್ಚನ್ನು ಕೊಡುವವರು ಯಾರು? ಕೊಟ್ಟವರು ಬದಲಿಗೆ ಏನು ಕೇಳುತ್ತಾರೆ? ಭೂಗೋಳದ ಇತಿಹಾಸ ಬರೆದವರು ಪರ್ವತ, ಸಮುದ್ರಗಳ ಬಗ್ಗೆ ಬರೆದಷ್ಟು ಈ ಪ್ರಶ್ನೆಯ ಬಗ್ಗೆ ಬರೆದಿಲ್ಲ. ಈ ಬಾರಿ ಅದನ್ನೇ ಹಿಡಿದು ಹೊರಡೋಣ.

ಅರಸನ ಹಣ, ವಕ್ಫ್‌ನ ಹಣ

ಹಳೆಯ ಕಾಲದಲ್ಲಿ ಲೋಕ ನೋಡಲು ಹಣ ಕೊಡುತ್ತಿದ್ದವರಲ್ಲಿ ಅರಸರೇ ಮುಂದು. 1017ರಲ್ಲಿ ಘಜ್ನಿಯ ಮಹಮೂದ್ ಖ್ವಾರಿಝ್ಮ್ ಗೆದ್ದಾಗ ಅಲ್ ಬಿರೂನಿ ಅವನ ಆಸ್ಥಾನಕ್ಕೆ ಬಂದರು. ಸ್ವಇಚ್ಛೆಯಿಂದ ಬಂದರು ಎನ್ನುವುದಕ್ಕಿಂತ ತರಲ್ಪಟ್ಟರು ಎನ್ನುವುದೇ ಸರಿ. ಮಹಮೂದನ ದಂಡಯಾತ್ರೆಗಳಿಂದ ತೆರೆದ ದಾರಿಯಲ್ಲೇ ಅವರು ಪಂಜಾಬಿಗೆ ಬಂದು ಸಂಸ್ಕೃತ ಕಲಿತರು. ಇಂದು ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿ ಬೆಟ್ಟದ ಎತ್ತರವನ್ನೂ ಅಲ್ಲಿಂದ ದಿಗಂತ ಬಾಗುವ ಕೋನವನ್ನೂ ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅದೇ ಬಿರೂನಿ 1030ರ ಸುಮಾರಿಗೆ ಮುಗಿಸಿದ ‘ಕಿತಾಬುಲ್ ಹಿಂದ್’ನಲ್ಲಿ, ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು ಎಂದು ಬರೆದಿದ್ದಾರೆ. ಹಿಂದೂಗಳ ವಿದ್ವತ್ತು ಗೆದ್ದ ಪ್ರದೇಶಗಳಿಂದ ದೂರ ಸರಿದುಹೋಯಿತು ಎಂಬುದನ್ನೂ ದಾಖಲಿಸಿದ್ದಾರೆ. ಸುಲ್ತಾನನ ಅನ್ನ ಉಂಡರೂ ಅವರು ಕಣ್ಣು ಮಾರಿಕೊಂಡಿರಲಿಲ್ಲ.

ಇನ್ನೊಂದು ಉದಾಹರಣೆ ಸಿಸಿಲಿಯದು. ಅಲ್ಲಿನ ಕ್ರೈಸ್ತ ದೊರೆ ಎರಡನೇ ರೋಜರ್, ಮುಸ್ಲಿಮ್ ಭೂಗೋಳಜ್ಞ ಅಲ್ ಇದ್ರೀಸಿಯನ್ನು ಕರೆಸಿಕೊಂಡು ಲೋಕದ ವಿವರಣೆ ಬರೆಸಿದ. ಬುದ್ಧಿವಂತರನ್ನು ಚಿತ್ರಗಾರರ ಜೊತೆ ದೇಶ ದೇಶಗಳಿಗೆ ಕಳಿಸಿ ಮಾಹಿತಿ ತರಿಸಿದರೆಂದು ಅರಬಿ ಬರಹಗಾರರು ಹೇಳುತ್ತಾರೆ. ಆ ಗ್ರಂಥ 1154ರಲ್ಲಿ ಮುಗಿಯಿತು. ಕೆಲವೇ ವಾರಗಳಲ್ಲಿ ರೋಜರ್ ತೀರಿಕೊಂಡ. ಒಬ್ಬ ಅರಸನ ಆಸಕ್ತಿಯ ಮೇಲೆ ನಿಂತ ಕೆಲಸ ಆತನ ಉಸಿರಿನಷ್ಟೇ ಗಟ್ಟಿ.

ಅರಸನ ಹಣಕ್ಕಿಂತ ಬೇರೆಯಾದ ಇನ್ನೊಂದು ಹಣವೂ ಆ ಕಾಲದಲ್ಲಿ ಇತ್ತು. 1325ರಲ್ಲಿ ಇಪ್ಪತ್ತೊಂದು ವರ್ಷದ ಇಬ್ನ್ ಬತೂತ ತಾಂಜಿಯರ್‌ನಿಂದ ಹೊರಟಾಗ ಅವರ ಬೆನ್ನಿಗೆ ಯಾವ ದೊರೆಯೂ ಇರಲಿಲ್ಲ. ದಮಸ್ಕಸ್‌ನಲ್ಲಿ ತಾವು ಕಂಡ ವಕ್ಫ್‌ಗಳನ್ನು ಅವರು ಅಕ್ಕರೆಯಿಂದ ಪಟ್ಟಿ ಮಾಡಿದ್ದಾರೆ. ಬಡ ಹೆಣ್ಣುಮಕ್ಕಳ ಮದುವೆಗೆ ಒಂದು, ಸೆರೆಯಾಳುಗಳ ಬಿಡುಗಡೆಗೆ ಒಂದು. ದಾರಿಹೋಕರಿಗೆ ಊಟ, ಬಟ್ಟೆ ಮತ್ತು ಊರು ಸೇರುವ ಖರ್ಚು ಕೊಡಲು ಮತ್ತೊಂದು. ಚೀನಾದ ಪಿಂಗಾಣಿ ತಟ್ಟೆಯನ್ನು ಬೀದಿಯಲ್ಲಿ ಒಡೆದುಕೊಂಡು ಯಜಮಾನನ ಏಟಿಗೆ ಹೆದರಿ ನಿಂತ ಗುಲಾಮ ಹುಡುಗನಿಗೆ ಹೊಸ ತಟ್ಟೆಯ ಬೆಲೆ ಸಿಕ್ಕಿದ್ದೂ ವಕ್ಫ್‌ನಿಂದಲೇ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ‘ಇಬ್ನುಸ್ಸಬೀಲ್’, ಅಂದರೆ ದಾರಿಯ ಮೇಲಿರುವವನೂ ಒಬ್ಬನೆಂಬುದನ್ನು ಓದುಗರು ಬಲ್ಲರು. ಇಂಥ ಛತ್ರ, ಖಾನಖಾ, ಮದ್ರಸಗಳ ಆಸರೆ ಹಿಡಿದೇ ಆ ಯುವಕ ಲೋಕ ಸುತ್ತಿದ. ಮುಂದೆ ಸುಲ್ತಾನರ ಉಡುಗೊರೆಗಳೂ ಬಂದವು ಅನ್ನಿ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡುಮಕ್ಕಳಿಗೆ ಇಪ್ಪತ್ತಮೂರು, ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದವೆಂದು ಎಣಿಸಿ ಬರೆದಿಟ್ಟರು. ಆ ಎಣಿಕೆ ನಮಗೆ ಸಿಕ್ಕಿದ್ದು, ಅವರಿಗೆ ದಾರಿಯುದ್ದಕ್ಕೂ ಯಾರೋ ಊಟ ಹಾಕಿದ್ದರಿಂದ.

ಸಾಮ್ರಾಜ್ಯದ ಹಣ

ಯೂರೋಪಿನಲ್ಲಿ ಭೂಗೋಳ ಒಂದು ಶಾಸ್ತ್ರವಾಗಿ ಬೆಳೆಯುವಾಗಲೂ ಇದೇ ಪ್ರಶ್ನೆ ಎದುರಾಯಿತು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ 1799ರಿಂದ 1804ರವರೆಗೆ ದಕ್ಷಿಣ ಅಮೆರಿಕ, ಮೆಕ್ಸಿಕೊ ಸುತ್ತಿದ್ದು ತಾಯಿಯಿಂದ ಬಂದ ಆಸ್ತಿಯನ್ನು ಖರ್ಚು ಮಾಡಿ. ಆಸ್ತಿಯಿಲ್ಲದ ವಿದ್ಯಾರ್ಥಿಗೆ ಅಂಥ ಭಾಗ್ಯವಿಲ್ಲ.

1830ರಲ್ಲಿ ಲಂಡನ್ನಿನಲ್ಲಿ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಹುಟ್ಟಿತು. ಯಾತ್ರೆಗಳಿಗೆ ಹಣ, ಉಪಕರಣ, ಸಲಹೆ ಕೊಡುವುದು ಅದರ ಕೆಲಸವಾಯಿತು. ಆದರೆ ಆ ಸಭೆಗಳಲ್ಲಿ ಕೂತವರಲ್ಲಿ ಸೇನಾಧಿಕಾರಿಗಳು, ನೌಕಾಪಡೆಯವರು, ವಸಾಹತು ಆಡಳಿತಗಾರರು ಬಹಳ ಮಂದಿ. ನದಿಯ ಮೂಲ ಹುಡುಕಲು ಹೋದವನ ನಕಾಶೆ ನಾಳೆ ಸೈನ್ಯದ ದಾರಿಯಾಗುತ್ತಿತ್ತು. ಕೊಟ್ಟವರಿಗೆ ಬೇಕಾದ ಕಡೆ ನೋಡುವುದೇ ವಿದ್ಯೆ ಎನಿಸಿತು. ಯಾರು ನೋಡಬಹುದು ಎಂಬುದನ್ನೂ ಅವರೇ ತೀರ್ಮಾನಿಸಿದರು. 1892–93ರಲ್ಲಿ ಇಸಬೆಲ್ಲಾ ಬರ್ಡ್ ಸೇರಿ ಇಪ್ಪತ್ತೆರಡು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡ ಸೊಸೈಟಿ ಗದ್ದಲವೆದ್ದ ಕೂಡಲೇ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1913ರಲ್ಲಿ.

ಹೀಗಿರುವಾಗ ಫ್ರಾನ್ಸಿನಲ್ಲಿ ಒಬ್ಬ ಬ್ಯಾಂಕಿನವನು ಬೇರೆಯೇ ಒಂದು ಪ್ರಯೋಗ ಮಾಡಿದ. ಈ ಲೇಖನಕ್ಕೆ ಅವನೇ ಮುಖ್ಯ ಕಾರಣ.

ಆಲ್ಬೇರ್ ಕಾನ್

ಆಲ್ಬೇರ್ ಕಾನ್ ಹುಟ್ಟಿದ್ದು 1860ರಲ್ಲಿ, ಆಲ್ಸೇಸ್ ಪ್ರಾಂತ್ಯದ ಮಾರ್ಮುಟಿಯೆ ಎಂಬ ಸಣ್ಣ ಊರಿನಲ್ಲಿ. ತಂದೆ ದನದ ವ್ಯಾಪಾರ ಮಾಡುತ್ತಿದ್ದ ಯಹೂದಿ. 1871ರಲ್ಲಿ ಆ ಪ್ರಾಂತ್ಯ ಜರ್ಮನಿಯ ಪಾಲಾಯಿತು. ನಿನ್ನೆಯ ದೇಶ ಇಂದು ಪರದೇಶವಾಗುವುದನ್ನು ಆ ಹುಡುಗ ಹನ್ನೊಂದನೆಯ ವಯಸ್ಸಿನಲ್ಲೇ ಕಂಡ. ಹದಿಹರೆಯದಲ್ಲಿ ಪ್ಯಾರಿಸ್ಸಿಗೆ ಬಂದು ಒಂದು ಬ್ಯಾಂಕಿನಲ್ಲಿ ಗುಮಾಸ್ತನಾದ. ಸಂಜೆ ಪಾಠ ಹೇಳಿಸಿಕೊಂಡ. ಪಾಠ ಹೇಳಿದ ಮೇಷ್ಟ್ರು ಬೇರೆ ಯಾರೂ ಅಲ್ಲ, ಆಗಿನ್ನೂ ವಿದ್ಯಾರ್ಥಿಯಾಗಿದ್ದ, ಮುಂದೆ ಜಗತ್ಪ್ರಸಿದ್ಧ ತತ್ವಜ್ಞಾನಿಯಾದ ಹೆನ್ರಿ ಬರ್ಗ್ಸನ್. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು. ದಕ್ಷಿಣ ಆಫ್ರಿಕಾದ ಚಿನ್ನ, ವಜ್ರದ ಗಣಿಗಳ ಷೇರುಗಳಲ್ಲಿ ಹಣ ತೊಡಗಿಸಿ ಕಾನ್ ಶ್ರೀಮಂತನಾದ. ತನ್ನದೇ ಬ್ಯಾಂಕ್ ತೆರೆದ.

1898ರಲ್ಲಿ ಆತ ಪ್ಯಾರಿಸ್ ವಿಶ್ವವಿದ್ಯಾಲಯದ ಮೂಲಕ ಒಂದು ಪ್ರವಾಸ ವಿದ್ಯಾರ್ಥಿವೇತನ ಆರಂಭಿಸಿದ. ಹೆಸರು ‘ಓತೂರ್ ದ್ಯು ಮೋಂದ್’, ಅಂದರೆ ‘ಲೋಕದ ಸುತ್ತ’. ‘ಅಗ್ರೆಗಾಸಿಯೋಂ’ ಎಂಬ ಕಠಿಣ ಪರೀಕ್ಷೆ ಪಾಸಾಗಿ ಶಿಕ್ಷಕ ವೃತ್ತಿಗೆ ಕಾಲಿಡುವ ಯುವಕರಿಗೆ ಅದು ಮೀಸಲು. ಫ್ರಾನ್ಸಿನಲ್ಲಿ ಆಗ ಭೂಗೋಳಕ್ಕೆ ಪ್ರತ್ಯೇಕ ಅಗ್ರೆಗಾಸಿಯೋಂ ಇರಲಿಲ್ಲ. ಇತಿಹಾಸದ ಜೊತೆಗೇ ಅದರ ಪರೀಕ್ಷೆ ನಡೆಯುತ್ತಿತ್ತು. ಪ್ರತ್ಯೇಕವಾದದ್ದು 1940ರ ದಶಕದಲ್ಲಿ. ಹಾಗಾಗಿ ಭೂಗೋಳ ಕಲಿಸಬೇಕಾದ ಮೇಷ್ಟ್ರು ತನ್ನ ಊರಿನ ಆಚೆ ಏನನ್ನೂ ಕಾಣದೆ ಏಷ್ಯಾ, ಆಫ್ರಿಕಾಗಳ ಪಾಠ ಹೇಳುವುದು ಸಾಮಾನ್ಯವಾಗಿತ್ತು. ನಮ್ಮ ಮಾಸ್ಟರ್ ಸಾಹೇಬರ ಹಾಗೆ.

ಕಾನ್ ಈ ಯುವಕರಿಂದ ಕೇಳಿದ್ದು ಬಹಳ ಕಡಿಮೆ. ಹೋಗಿ, ಕಣ್ಣು ತೆರೆದು ನೋಡಿ, ಅಲ್ಲಿನ ಜನರೊಡನೆ ಬೆರೆಯಿರಿ, ಬಂದು ಮಕ್ಕಳಿಗೆ ಪಾಠ ಹೇಳಿ. ಗಣಿ ಹುಡುಕುವ, ಮಾರುಕಟ್ಟೆ ಅಳೆಯುವ, ಧರ್ಮ ಹಬ್ಬಿಸುವ ಕೆಲಸ ಅವರದಾಗಿರಲಿಲ್ಲ. ಲೋಕವನ್ನು ಕಂಡ ಮೇಷ್ಟ್ರುಗಳಿಂದ ಕಲಿತ ಮಕ್ಕಳು ಪರದೇಶದವರನ್ನು ಸುಲಭವಾಗಿ ದ್ವೇಷಿಸಲಾರರು ಎಂಬುದು ಅವನ ನಂಬಿಕೆ. 1905ರಿಂದ ಮಹಿಳೆಯರಿಗೂ ಈ ವೇತನ ಸಿಗತೊಡಗಿತು. ಲಂಡನ್ನಿನ ಸೊಸೈಟಿ ಇನ್ನೂ ಬಾಗಿಲು ಮುಚ್ಚಿಕೊಂಡಿದ್ದ ಕಾಲವದು. ಮುಂದೆ ಬ್ರಿಟನ್, ಜಪಾನ್, ಅಮೆರಿಕ ಮುಂತಾದ ದೇಶಗಳಲ್ಲೂ ಕಾನ್ ಹಣದಿಂದ ಇಂಥ ವೇತನಗಳು ಹುಟ್ಟಿದವು.

ನೋಡಿದವರು ಏನು ಮಾಡಿದರು?

ಮೊದಮೊದಲು ವೇತನ ಪಡೆದವರಲ್ಲಿ ಫೆಲಿಸಿಯಾಂ ಶಲ್ಲಾಯೆ ಒಬ್ಬ. ಓದಿದ್ದು ತತ್ವಶಾಸ್ತ್ರ. 1899ರಲ್ಲಿ ಲೋಕ ಸುತ್ತಲು ಹೊರಟು ಏಷ್ಯಾದ ವಸಾಹತುಗಳನ್ನು ಕಣ್ಣಾರೆ ಕಂಡ. 1905ರಲ್ಲಿ ಫ್ರೆಂಚ್ ಕಾಂಗೋದಲ್ಲಿ ನಡೆಯುತ್ತಿದ್ದ ಅತ್ಯಾಚಾರಗಳ ತನಿಖೆಗೆ ಸರಕಾರ ಬ್ರಾಝಾ ಎಂಬ ಹಿರಿಯ ಅನ್ವೇಷಕನನ್ನು ಕಳಿಸಿದಾಗ ಶಲ್ಲಾಯೆಯೂ ಜೊತೆಗಿದ್ದ. ರಬ್ಬರ್ ತರದ ಗಂಡಸರ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ಕೂಡಿಹಾಕಿ, ಅವರಲ್ಲಿ ಎಷ್ಟೋ ಜನ ಅಲ್ಲೇ ಸತ್ತದ್ದನ್ನು ಆತ ಪತ್ರಿಕೆಗೆ ಬರೆದ. ಬ್ರಾಝಾ ಹಿಂದಿರುಗುವ ದಾರಿಯಲ್ಲಿ ಡಾಕಾರ್‌ನಲ್ಲಿ ತೀರಿಕೊಂಡ. ತನಿಖೆಯ ವರದಿಯನ್ನು ಸರಕಾರ ಹೂತಿಟ್ಟಿತು. ಅದು ಅಚ್ಚಾಗಿ ಹೊರಬಂದದ್ದು 2014ರಲ್ಲಿ. ಶಲ್ಲಾಯೆಯ ಪುಸ್ತಕ ಮಾತ್ರ 1909ರಲ್ಲೇ ಜನರ ಕೈ ಸೇರಿತು. ಇದೇ ಮನುಷ್ಯ ಮುದುಕನಾದಾಗ, ಯುದ್ಧವೇ ಬೇಡವೆಂಬ ಹಟದಲ್ಲಿ, ಜರ್ಮನ್ ಆಕ್ರಮಣಕಾರರಿಗೆ ಒಗ್ಗಿಕೊಂಡ ಪತ್ರಿಕೆಗಳಿಗೆ ಬರೆದದ್ದೂ ಉಂಟು. ಲೋಕ ಸುತ್ತಿದ ಮಾತ್ರಕ್ಕೆ ಮನುಷ್ಯ ಜೀವನವಿಡೀ ಸರಿದಾರಿಯಲ್ಲಿರುತ್ತಾನೆಂದು ನಾವು ಹೇಳುವುದಿಲ್ಲ. ಆದರೆ ಕಾಂಗೋದ ಆ ಹೆಂಗಸರ ಪರವಾಗಿ ಸಾಕ್ಷಿ ಹೇಳಲು ಒಂದು ಜೊತೆ ಕಣ್ಣು ಅಲ್ಲಿತ್ತು.

ಮಾರ್ಗರಿಟ್ ಮೆಸ್ಪುಲೆ ಕಾನ್ ವೇತನದಲ್ಲಿ ಪ್ರವಾಸ ಮಾಡಿದ್ದ ಶಿಕ್ಷಕಿ. 1913ರಲ್ಲಿ ಗೆಳತಿ ಮ್ಯಾಡಲೀನ್ ಮಿನ್ಯೋಂ ಜೊತೆ ಐರ್ಲೆಂಡಿಗೆ ಹೋಗಿ ಆಟೋಕ್ರೋಮ್ ಎಂಬ ಬಣ್ಣದ ಗಾಜಿನ ಫಲಕಗಳಲ್ಲಿ ಅಲ್ಲಿನ ಬಡವರ ಬದುಕನ್ನು ಸೆರೆಹಿಡಿದಳು. ಗಾಲ್ವೇ ಬಳಿಯ ಕ್ಲಾಡಾ ಎಂಬ ಮೀನುಗಾರರ ಕೇರಿಯ ಹುಲ್ಲಿನ ಮನೆಗಳು, ಕೆಂಪು ಶಾಲು ಹೊದ್ದ ಹುಡುಗಿ ಆ ಚಿತ್ರಗಳಲ್ಲಿದ್ದಾರೆ. 1930ರ ದಶಕದಲ್ಲಿ ಆ ಕೇರಿಯನ್ನು ಕೆಡವಿದರು. ಇಂದು ಐರಿಶ್ ಜನ ತಮ್ಮ ಹಳೆಯ ಕೇರಿಯ ಬಣ್ಣ ನೋಡಬೇಕಾದರೆ ಆ ಇಬ್ಬರು ಪರದೇಶದ ಹೆಂಗಸರ ಚಿತ್ರಗಳನ್ನೇ ನೋಡಬೇಕು.

ಇಂಥ ಚಿತ್ರಗಳದೇ ಒಂದು ಭಂಡಾರ ಮಾಡಲು ಕಾನ್ ಹೊರಟಿದ್ದ. ‘ಭೂಮಿಯ ದಫ್ತರ’ ಎನ್ನಬಹುದಾದ ಈ ಕೆಲಸಕ್ಕೆ 1912ರಲ್ಲಿ ಭೂಗೋಳಜ್ಞ ಜ್ಯಾಂ ಬ್ರೂನ್ ಅವರನ್ನು ನೇಮಿಸಿದ. ಅವರಿಗಾಗಿ ಕಾಲೇಜ್ ದ ಫ್ರಾನ್ಸ್‌ನಲ್ಲಿ ಮಾನವ ಭೂಗೋಳದ ಪೀಠವನ್ನೇ ತನ್ನ ಖರ್ಚಿನಲ್ಲಿ ಸ್ಥಾಪಿಸಿದ. ಬ್ರೂನ್ ಕಾಲ್ನಡಿಗೆಯ ವಿದ್ವಾಂಸರು. 1902ರಲ್ಲಿ ಪ್ರಕಟವಾದ ಅವರ ಮಹಾಪ್ರಬಂಧ ಸ್ಪೇನ್ ಮತ್ತು ಉತ್ತರ ಆಫ್ರಿಕಾದ ನೀರಾವರಿಯ ಕುರಿತದ್ದು. ವೆಲೆನ್ಸಿಯಾದಲ್ಲಿ ಕಾಲುವೆಗೆ ‘ಅಸೆಕಿಯಾ’ ಎನ್ನುತ್ತಾರೆ. ಅದು ಅರಬಿಯ ‘ಸಾಖಿಯಾ’. ಅಲ್ಲಿನ ನೀರು ಹೊಲಕ್ಕೆ ಸೇರಿದ್ದು. ಹೊಲ ಬಿಟ್ಟು ನೀರನ್ನು ಮಾರುವಂತಿಲ್ಲ. ನೀರಿನ ಜಗಳವನ್ನು ರೈತರೇ ಆರಿಸಿದ ಪಂಚರು ಗುರುವಾರ ಗುರುವಾರ ಚರ್ಚಿನ ಬಾಗಿಲಲ್ಲಿ ಕೂತು ತೀರಿಸುತ್ತಾರೆ. ಆ ಚರ್ಚ್ ನಿಂತಿರುವುದು ಹಿಂದೆ ಮಸೀದಿಯಿದ್ದ ಜಾಗದಲ್ಲಿ. ಅದೇ ಸ್ಪೇನಿನ ಎಲ್ಚೆಯಲ್ಲಿ ನೀರಿಗೆ ಬೇರೆ ಒಡೆಯರು. ಅಲ್ಲಿ ನೀರನ್ನು ಹರಾಜು ಹಾಕುತ್ತಿದ್ದರು. ಒಂದೇ ಬಿಸಿಲು, ಒಂದೇ ಬರ; ಆದರೆ ಮನುಷ್ಯರ ಏರ್ಪಾಡು ಬೇರೆ. ಹೊಲದ ಬದುವಿನ ಮೇಲೆ ನಡೆಯದವನಿಗೆ ಈ ವ್ಯತ್ಯಾಸ ನಕಾಶೆಯಲ್ಲಿ ಕಾಣುವುದಿಲ್ಲ.

1931ರವರೆಗೆ ನಡೆದ ಈ ಕೆಲಸದಲ್ಲಿ ಸುಮಾರು ಐವತ್ತು ದೇಶಗಳಿಂದ 72,000 ಬಣ್ಣದ ಫಲಕಗಳೂ ಸುಮಾರು ನೂರು ಗಂಟೆಗಳ ಚಲನಚಿತ್ರವೂ ಕೂಡಿದವು. ಸ್ಟೆಫಾನ್ ಪಾಸೆ ಎಂಬ ಛಾಯಾಗ್ರಾಹಕ 1913–14ರಲ್ಲಿ ಭಾರತಕ್ಕೂ ಬಂದುಹೋದ. ಇಷ್ಟೆಲ್ಲ ಚಿತ್ರ ತೆಗೆಸಿದ ಕಾನ್‌ಗೆ ಸ್ವತಃ ಚಿತ್ರ ತೆಗೆಸಿಕೊಳ್ಳುವುದು ಇಷ್ಟವಿರಲಿಲ್ಲ.

ಹಣದ ಬಣ್ಣ

ಹಾಗೆಂದು ಕಾನ್‌ನನ್ನು ಸಂತನನ್ನಾಗಿ ಮಾಡುವ ಅಗತ್ಯ ನಮಗಿಲ್ಲ. ಆ ಹಣ ಬಂದದ್ದು ಕರಿಯ ಕೂಲಿಗಳು ನೆಲದಡಿ ದುಡಿದ ಗಣಿಗಳಿಂದ. 1912ರಲ್ಲಿ ಫ್ರಾನ್ಸ್ ಮೊರೊಕ್ಕೊವನ್ನು ತನ್ನ ರಕ್ಷಣೆಗೆ ತೆಗೆದುಕೊಂಡಾಗ, ಎಂದರೆ ನುಂಗಿದಾಗ, ಕಾನ್‌ನ ಛಾಯಾಗ್ರಾಹಕರು ಸೈನ್ಯದ ಹಿಂದೆಯೇ ಅಲ್ಲಿಗೆ ಹೋಗಿದ್ದರು. ಚಿತ್ರದಲ್ಲಿರುವ ಮೊರೊಕ್ಕೊದ ಮುದುಕನನ್ನು ನಾವು ನೋಡುತ್ತೇವೆ. ಅವನು ಯಾರನ್ನು ನೋಡುತ್ತಿದ್ದಾನೆ ಎಂಬುದು ಚಿತ್ರದಲ್ಲಿಲ್ಲ. ಮೊರೊಕ್ಕೊದ ಹುಡುಗನೊಬ್ಬನಿಗೆ ಪ್ಯಾರಿಸ್ಸನ್ನು ನೋಡಿ ಬರಲು ಯಾರೂ ಬಂಡವಾಳ ಹಾಕಲಿಲ್ಲ.

ಈ ಹಣದ ಎಳೆಯೊಂದು ನಮ್ಮ ಕಡೆಗೂ ಬಂದಿದೆ. ಕೇಂಬ್ರಿಜ್ಜಿನ ಅಧ್ಯಾಪಕ ಲೋವ್ಸ್ ಡಿಕಿನ್ಸನ್ 1912ರಲ್ಲಿ ಭಾರತ, ಚೀನಾ, ಜಪಾನ್ ನೋಡಲು ಹೊರಟದ್ದು ಕಾನ್ ವೇತನದಲ್ಲಿ. ಅದೇ ಹಡಗಿನಲ್ಲಿ ಸ್ವಂತ ಖರ್ಚಿನಲ್ಲಿ ಬಂದ ಗೆಳೆಯ ಇ. ಎಂ. ಫಾರ್ಸ್ಟರ್. ಫಾರ್ಸ್ಟರ್ ನೇರ ಹೋದದ್ದು ಅಲಿಗಢಕ್ಕೆ, ಸರ್ ಸೈಯದರ ಮೊಮ್ಮಗ ರಾಸ್ ಮಸೂದರನ್ನು ಕಾಣಲು. 1924ರಲ್ಲಿ ಬಂದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಅರ್ಪಣೆಯಾಗಿರುವುದು ಆ ಮಸೂದರಿಗೇ. ಮಸೂದರು ಮುಂದೆ ಹೈದರಾಬಾದ್ ಸಂಸ್ಥಾನದ ಶಿಕ್ಷಣ ನಿರ್ದೇಶಕರಾದರು. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳ ಶಾಲೆಗಳೂ ಅವರ ಅಧೀನದಲ್ಲಿದ್ದವು. 1922ರಲ್ಲಿ ನಿಜಾಮ್ ಸರಕಾರ ತನ್ನ ಖರ್ಚಿನಲ್ಲಿ ಅವರನ್ನು ಜಪಾನಿಗೆ ಕಳಿಸಿತು. ಅಲ್ಲಿನ ಮಕ್ಕಳು ಎಲ್ಲ ವಿಜ್ಞಾನವನ್ನೂ ತಮ್ಮ ಭಾಷೆಯಲ್ಲೇ ಕಲಿಯುವುದನ್ನು ಕಂಡು ಅವರು ಗ್ರಂಥವನ್ನೇ ಬರೆದರು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಅದರಿಂದ ಬಲ ಬಂತು. ಆದರೆ ಕಲಬುರಗಿಯ ಕನ್ನಡದ ಹುಡುಗನಿಗೆ ಉರ್ದು ತಾಯಿನುಡಿಯಾಗಿರಲಿಲ್ಲ. ಉರ್ದುವಿನಲ್ಲೂ ಕನ್ನಡದಲ್ಲೂ ಅಕ್ಷರ ಕಲಿತ ನಮಗೆ ಇದನ್ನು ಹೇಳದೆ ಮುಂದೆ ಹೋಗಲಾಗದು. ಜಪಾನಿನಲ್ಲಿ ಕಂಡ ಪಾಠ ಹೈದರಾಬಾದಿಗೆ ಬರುವಾಗ ಖರ್ಚು ಕೊಟ್ಟ ದರಬಾರಿನ ಭಾಷೆಗೆ ಮಾತ್ರ ಹೊಂದಿಕೊಂಡಿತು.

ಬತ್ತಿದ ಒರತೆ

1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದರ ಹೊಡೆತಕ್ಕೆ ಕಾನ್‌ನ ಬ್ಯಾಂಕೂ ಮುಳುಗಿತು. ಪ್ರವಾಸ ವೇತನ ನಿಂತಿತು. 1930ರಲ್ಲಿ ಬ್ರೂನ್ ತೀರಿಕೊಂಡರು. ಮರುವರ್ಷ ಚಿತ್ರ ತೆಗೆಯುವ ಕೆಲಸವೂ ನಿಂತಿತು. ಪ್ಯಾರಿಸ್ ಬದಿಯ ಬುಲೋನ್‌ನಲ್ಲಿದ್ದ ತೋಟ, ಚಿತ್ರಭಂಡಾರವನ್ನು ಸ್ಥಳೀಯ ಆಡಳಿತ ಕೊಂಡುಕೊಂಡಿತು. ದಿವಾಳಿಯಾದ ಮುದುಕ ಅದೇ ಮನೆಯಲ್ಲಿ ಉಳಿದುಕೊಂಡ. ಜರ್ಮನ್ ಸೈನ್ಯ ಪ್ಯಾರಿಸ್ ಹೊಕ್ಕ ಐದು ತಿಂಗಳಿಗೆ, 1940ರ ನವೆಂಬರಿನಲ್ಲಿ, ಆಲ್ಬೇರ್ ಕಾನ್ ಪ್ರಾಣ ಬಿಟ್ಟ. ಜನ ಜನರನ್ನು ನೋಡಿದರೆ ಯುದ್ಧ ನಿಲ್ಲುತ್ತದೆಂದು ನಂಬಿದ್ದವನ ಊರಲ್ಲೇ ಯುದ್ಧ ಬಂದು ಕೂತಿತ್ತು. ಆ ಭಂಡಾರ ಇಂದು ಒಂದು ವಸ್ತುಸಂಗ್ರಹಾಲಯ. 2022ರಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ತೆರೆಯಿತು. ಚಿತ್ರಗಳು ಉಳಿದವು, ಯಾತ್ರೆ ಉಳಿಯಲಿಲ್ಲ.

ಎಲ್ಲಿ ತಪ್ಪಾಯಿತು? ಕಾನ್‌ನ ಔದಾರ್ಯ ದೊಡ್ಡದು. ಆದರೆ ಅದು ಹರಿಯುತ್ತಿದ್ದದ್ದು ಅವನ ಬ್ಯಾಂಕಿನ ಒರತೆಯಿಂದ. ಒರತೆ ಬತ್ತಿದಾಗ ಕಾಲುವೆಯೂ ಬತ್ತಿತು. ದಮಸ್ಕಸ್‌ನಲ್ಲಿ ದಾರಿಹೋಕನಿಗೆ ಖರ್ಚು ಕೊಟ್ಟ ವಕ್ಫ್‌ನ ದಾನಿ ಸತ್ತು ಎಷ್ಟು ಕಾಲವಾಗಿತ್ತೋ ಇಬ್ನ್ ಬತೂತನಿಗೆ ಗೊತ್ತಿರಬೇಕಾಗಿರಲಿಲ್ಲ. ತೋಟವೋ ಅಂಗಡಿಯೋ ದುಡಿಯುತ್ತಿತ್ತು, ದಾರಿಹೋಕ ಉಣ್ಣುತ್ತಿದ್ದ. ವೆಲೆನ್ಸಿಯಾದ ನೀರು ಹೊಲಕ್ಕೆ ಅಂಟಿಕೊಂಡಂತೆ ಅಲ್ಲಿ ಹಣ ಉದ್ದೇಶಕ್ಕೆ ಅಂಟಿಕೊಂಡಿತ್ತು. ವಕ್ಫ್ ಕಾಯುವವರು ಕಳ್ಳರಾದರೆ ಅದೂ ಬತ್ತುತ್ತದೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನೋಡಲು ಕೊಡುವ ಹಣಕ್ಕೆ ಎರಡು ಗುಣ ಬೇಕು: ಅದು ಹೀಗೆಯೇ ನೋಡು ಎಂದು ಹೇಳಬಾರದು, ಕೊಟ್ಟವನ ಜೊತೆ ಸಾಯಬಾರದು. ಕಾನ್‌ಗೆ ಮೊದಲನೆಯದು ತಿಳಿದಿತ್ತು. ಎರಡನೆಯದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು.

ಇದು ಹಳೆಯ ಕತೆಯಲ್ಲ. ಪರಿಶಿಷ್ಟ ಜಾತಿ ಮುಂತಾದ ದುರ್ಬಲ ವರ್ಗಗಳ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳಿಂದ 2022ರಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನ ವಿಷಯಗಳನ್ನು ಕೈಬಿಡಲಾಯಿತು. ಹೋಗು, ಆದರೆ ಇದನ್ನು ನೋಡಬೇಡ ಎಂದಂತಾಯಿತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಪಡೆದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ ಯೋಜನೆ 2022–23ರಿಂದ ನಿಂತಿತು. ಒಂದು ಕಡೆ ಷರತ್ತು, ಇನ್ನೊಂದು ಕಡೆ ಬತ್ತಿದ ಒರತೆ.

ಸರಕಾರವನ್ನು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರಬೇಕು. ಜೊತೆಗೆ ನಮ್ಮನ್ನೂ ಕೇಳಿಕೊಳ್ಳಬೇಕು. ಊರೂರಿನಲ್ಲಿ ನಮ್ಮ ಜಮಾಅತ್‌ಗಳು ಮಸೀದಿಗೆ ಮಿನಾರ ಏರಿಸುತ್ತವೆ, ಶಾದಿಮಹಲ್ ಕಟ್ಟುತ್ತವೆ, ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಕೊಡುತ್ತವೆ. ಅದರಲ್ಲಿ ಒಂದು ಮಳಿಗೆಯ ಬಾಡಿಗೆಯನ್ನು, ಯಾವ ಜಾತಿ ಮತದ ಮಗುವೇ ಆಗಲಿ, ತನ್ನ ಊರಿನ ಆಚೆಯ ನೆಲವನ್ನು ಕಣ್ಣಾರೆ ಕಂಡು ಬರುವ ಖರ್ಚಿಗೆಂದು ಬರೆದಿಟ್ಟರೆ? ಪ್ಯಾರಿಸ್ ಇರಲಿ, ಮೊದಲು ಕಡಲ ತೀರದವರೆಗೆ ಸಾಕು. ನೈಲ್ ನದಿಯ ಉದ್ದವನ್ನು ನಾವು ಇವತ್ತಿಗೂ ಬಾಯಿಪಾಠ ಒಪ್ಪಿಸಬಲ್ಲೆವು. ಉಬ್ಬರ ಇಳಿತ ಎಂದರೇನೆಂದು ನಮಗೆ ತಿಳಿದದ್ದು ಮಾತ್ರ ಮೀಸೆ ಬಂದ ಮೇಲೆ, ನಮ್ಮದೇ ದುಡ್ಡಿನಲ್ಲಿ ಟಿಕೆಟ್ ಕೊಂಡು ಸಮುದ್ರದ ಎದುರು ನಿಂತ ಸಂಜೆ. ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದು ಬಹಳ ವರ್ಷಗಳಾಗಿದ್ದವು.